ಕರೆಂಟ್ ಮೈಯಲ್ಲಿ ಉಳಿಯುವುದಿಲ್ಲ, ಅವ್ವ

ಅವ್ವ,

ಕಾಲು ಮುಟ್ಟಲು ನೀನು ಬಿಡುತ್ತಿಲ್ಲ, ಹಾಗಾಗಿ ದೂರದಿಂದಲೇ ನಮಸ್ಕಾರ.

ಒಂದೇ ಖೋಲಿಯಲ್ಲಿ ಇದ್ದುಕೊಂಡು ಮಗ ತಾಯಿಗೆ ಕಾಗದ ಬರೆಯುತ್ತಾನೆ ಅಂದರೆ ಮುಂಬೈ ಜೋಗೇಶ್ವರಿಯ ಈ ಚಾಳಿನವರೆಲ್ಲ ನಕ್ಕಾರು. ನಗಲಿ. ಬಾಯಲ್ಲಿ ಹೇಳಿದರೆ "ನನ್ನ ಸಮಾಧಾನಕ್ಕ ಹೇಳಾಕತ್ತಿ, ಸುಭಾಷ" ಅನ್ನುತ್ತೀ. ಕಟ್ಟಡದ ಕೆಲಸದಲ್ಲಿ ಕೂಲಿ ಕೊಡುವ ಮುಕಾದಮರ ಬಾಯಿಮಾತು ಕೇಳಿ ಕೇಳಿ ಸಾಕಾದವಳು ನೀನು, ಬರೆದುಕೊಟ್ಟರೆ ಮಾತ್ರ ನಂಬಿಕೆ. ಅದಕ್ಕೇ ಬರೆದಿಟ್ಟು ಡ್ಯೂಟಿಗೆ ಹೋಗುತ್ತಿದ್ದೇನೆ. ನಿನ್ನ ಸೊಸೆ ಮಹಾದೇವಿ ಓದಿ ಹೇಳುತ್ತಾಳೆ.

ತಪ್ಪು ನನ್ನದೇ. ಪೈಪಿನ ವೆಲ್ಡಿಂಗ್ ಒಳಗೆ ಬಿರುಕಿದೆಯೇ ಎಂದು ಗಾಮಾ ಕಿರಣದಿಂದ ಫೋಟೋ ತೆಗೆಯುವ ಕೆಲಸ ಸಿಕ್ಕಾಗ ಎಷ್ಟು ಜಂಬ ಕೊಚ್ಚಿದೆ! ಕಣ್ಣಿಗೆ ಕಾಣದು, ವಾಸನೆಯಿಲ್ಲ, ಕಬ್ಬಿಣವನ್ನೂ ತೂರಿ ಹೋಗುತ್ತದೆ, ಹಗ್ಗ ಕಟ್ಟಿ ಕೆಂಪು ಬಾವುಟ ಹಾಕಿ ಎಲ್ಲರನ್ನೂ ದೂರ ಕಳಿಸುತ್ತೇವೆ ಎಂದೆ. ನೀನು ಒಂದಕ್ಷರವೂ ಮರೆಯಲಿಲ್ಲ. ನಿನ್ನ ಕೊರಳ ಗಂಟಿಗೆ ಆಸ್ಪತ್ರೆಯಲ್ಲಿ ಮೂವತ್ತು ಸಲ ಅದೇ ಕಿರಣ, ನೀನು ಕರೆಂಟ್ ಅನ್ನುವುದು, ಕೊಟ್ಟರು. ಮುಗಿಸಿ ಮನೆಗೆ ಬಂದವಳೇ ಬಟ್ಟೆ ಒಣಹಾಕುವ ಹಗ್ಗ ಅಡ್ಡ ಕಟ್ಟಿ, ನನ್ನ ಕೆಂಪು ಕರವಸ್ತ್ರ ಸಿಕ್ಕಿಸಿ, ಒಲೆಯ ಪಕ್ಕ ಕುಳಿತೆ. "ಮೈಯಾಗ ಕರೆಂಟ್ ಐತಿ, ಕೂಸಿನ್ನ ಈ ಕಡೆ ತರಬ್ಯಾಡ್ರಿ." ಮೊದಲ ದಿನ ನನಗೆ ನಗು ಬಂತು. ಈಗ ಹನ್ನೊಂದು ದಿನ. ಮೊಮ್ಮಗಳು ಅತ್ತಾಗೆಲ್ಲ ನೀನು ಸೆರಗು ಬಾಯಿಗೆ ಒತ್ತಿಕೊಳ್ಳುತ್ತೀ.

ಗಾಮಾ ಅಂದರೆ ಬೆಳಕೇ ಅವ್ವ, ಬಲು ಬಲವಾದ ಬೆಳಕು. ಅದಕ್ಕೆ ತೂಕವಿಲ್ಲ, ಅಂಟುವ ಗುಣವಿಲ್ಲ. ದೀಪ ಆರಿಸಿದ ಮೇಲೆ ಖೋಲಿಯಲ್ಲಿ ಬೆಳಕು ಉಳಿಯುತ್ತದೆಯೇ? ನಿನ್ನ ಮೈ ಹೊಕ್ಕದ್ದು ಆ ಕ್ಷಣವೇ ಗಂಟಿನ ಮೇಲೆ ಕೆಲಸ ಮಾಡಿತು, ಮಿಕ್ಕದ್ದು ದಾಟಿ ಹೋಯಿತು. ಅಪಾಯವಿರುವುದು ಕಿರಣ ಸೂಸುವ ಲೋಹದ ತುಣುಕಿನಲ್ಲಿ. ಅದು ಆಸ್ಪತ್ರೆಯ ಯಂತ್ರದ ಸೀಸದ ಗೂಡಿನಲ್ಲೇ ಇದೆ, ನಿನ್ನ ಜೊತೆ ಲೋಕಲ್ ರೈಲು ಹತ್ತಿ ಬಂದಿಲ್ಲ. ನಮ್ಮಲ್ಲೂ ಅಷ್ಟೇ, ತುಣುಕನ್ನು ಅದರ ಪೆಟ್ಟಿಗೆಯೊಳಕ್ಕೆ ಎಳೆದು, ಕಿರಣ ಅಳೆಯುವ ಮೀಟರ್ ನೋಡಿದ ಮೇಲೆ ಹಗ್ಗ ಬಿಚ್ಚಿ, ಅದೇ ಪೈಪನ್ನು ಬರಿಗೈಯಲ್ಲಿ ಹೊರುತ್ತೇವೆ. ಜಂಬ ಕೊಚ್ಚುವವನಿಗೆ ಆ ಭಾಗ ಹೇಳಲು ನೆನಪಾಗಲಿಲ್ಲ ನೋಡು.

ನಿನ್ನೆ ನಾನು ಹೋಗಿ ಕೇಳಿದಾಗ ಡಾಕ್ಟರೂ ಅದನ್ನೇ ಅಂದರು: ಹೊರಗಿನಿಂದ ಕೊಟ್ಟ ಕಿರಣ, ಅಜ್ಜಿ ಕೂಸನ್ನು ಧಾರಾಳವಾಗಿ ಮುದ್ದಾಡಲಿ. ಗಂಟೂ ಅರ್ಧಕ್ಕರ್ಧ ಕರಗಿದೆಯಂತೆ.

ಈ ಸಾಲು ಓದಿದ ಕೂಡಲೇ ಕೂಸನ್ನು ನಿನ್ನ ತೊಡೆಗೆ ಹಾಕಲು ಮಹಾದೇವಿಗೆ ಹೇಳಿದ್ದೇನೆ. ಬಯ್ಯಬೇಡ, ಹಿಂದೆ ಸರಿಯಬೇಡ. ಕೂಸಿನ ಕುತ್ತಿಗೆ ಇನ್ನೂ ನಿಂತಿಲ್ಲ, ಕೈ ಕೊಟ್ಟು ಹಿಡಿ. ಆ ಕೈ ಅವಳ ಮೇಲೆ ಬಹುಕಾಲ ಇರಲಿ.

ನಿನ್ನ ಬಾಯಿಬಡುಕ ಮಗ,
ಸುಭಾಷ