ಬಾಣಂತಿಯ ಮನೆಗೆ ಇಪ್ಪತ್ತನಾಲ್ಕು ಕಂಡಿ

ಗುಡ್ಡದ ಮನೆಗಳಿಗೆ ಗಾಳಿ ದಯಪಾಲಿಸಿದ ವಸತಿ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಸೇಲಂ ಜಿಲ್ಲೆಯ ಪಾಲಮಲೆ ಗುಡ್ಡದ ನಮ್ಮ ಒಂಬತ್ತು ಮನೆಗಳ ಗೋಡೆಯ ಕಂಡಿಗಳನ್ನು ಈ ಚಳಿಗಾಲ ಕಳೆಯುವವರೆಗೆ ಮಣ್ಣು ಮೆತ್ತಿ ಮುಚ್ಚಿಡಲು ತಮ್ಮ ಅಪ್ಪಣೆ ಬೇಕು. ನನ್ನ ಅಹವಾಲು ಇಷ್ಟೇ. ಇದನ್ನು ತಮಿಳಿನಲ್ಲಿ ಆರು ಸಲ ಬರೆದುಕೊಟ್ಟಿದ್ದೇನೆ. ಆರು ಸಲವೂ ತಮ್ಮ ಗುಮಾಸ್ತರು ‘ಪಾಕ್ಕಲಾಂ’, ನೋಡೋಣ, ಎಂದರು. ಏಳನೆಯದನ್ನು ಕನ್ನಡದಲ್ಲಿ, ಈ ಪತ್ರಿಕೆಗೆ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಕಲಿತ ಅಕ್ಷರ ಇದು. ತಮಗೆ ಓದಲು ಬಾರದೆಂದು ಬಲ್ಲೆ. ಓದಲು ಬರುವ ಭಾಷೆಯಲ್ಲಿ ಬರೆದಾಗ ಆದದ್ದಾದರೂ ಏನು? ಈ ಭಾಷೆಯಲ್ಲಿ ನನಗೆ ಕೋಪವಾದರೂ ನೆಟ್ಟಗೆ ಬರುತ್ತದೆ.

ತಾವು ಮನೆ ಕೊಡುವ ಮುಂಚೆ ನಾವಿದ್ದದ್ದು ಹುಲ್ಲಿನ ಗುಡಿಸಲಲ್ಲಿ. ಸೂರು ಸೊಂಟದ ಮಟ್ಟಕ್ಕೆ ಇಳಿದಿರುತ್ತಿತ್ತು. ಎಂಥ ದೊಡ್ಡ ಮನುಷ್ಯನೂ ಬಗ್ಗಿಯೇ ಒಳಗೆ ಬರಬೇಕು. ಬಹುಶಃ ಅದಕ್ಕೇ ತಮಗೆ ಹಿಡಿಸಲಿಲ್ಲ. ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆ ಹಿಡಿಯುವ ಮೊದಲೇ ಹುತ್ತದ ಮಣ್ಣು, ಸಗಣಿ, ಕತ್ತರಿಸಿದ ರಾಗಿಹುಲ್ಲು ಸೇರಿಸಿ ತುಳಿದು, ನಾಲ್ಕು ದಿನ ಕೊಳೆಯಲು ಬಿಟ್ಟು, ಗೋಡೆಯ ಬಿರುಕುಗಳಿಗೆಲ್ಲ ಮೆತ್ತುತ್ತಿದ್ದೆವು. ಸೂರಿನ ಸಂದಿಗೆ ಹಳೆಯ ಹುಲ್ಲು, ಬಾಗಿಲ ಅಡಿಗೆ ಹರಿದ ಕಂಬಳಿ. ಊರೆಲ್ಲ ಸೇರಿ ಒಂದೊಂದೇ ಮನೆ ಮುಗಿಸುವುದು. ಆ ವರ್ಷ ಯಾರ ಮನೆಯಲ್ಲಿ ಹೆರಿಗೆ ಇದೆಯೋ ಆ ಮನೆ ಮೊದಲು; ಅದು ನಮ್ಮ ಕಟ್ಟಳೆ. ಬಾಣಂತಿಗೂ ಮಗುವಿಗೂ ಮೂರು ತಿಂಗಳು ಗಾಳಿ ಸೋಕಬಾರದು. ಒಳಗೊಂದು ಅಗ್ಗಿಷ್ಟಿಕೆ ಇಟ್ಟರೆ ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಚಳಿ ಹೊಸ್ತಿಲ ಆಚೆಗೇ ನಿಲ್ಲುತ್ತಿತ್ತು.

1994ರಲ್ಲಿ ತಾವು ನಮ್ಮನ್ನು ಉದ್ಧಾರ ಮಾಡಿದಿರಿ. ಗುಡಿಸಲು ಕಿತ್ತರೇ ಹೊಸ ಮನೆ ಎಂದಿರಿ, ಕಿತ್ತೆವು. ಕತ್ತೆಗಳ ಬೆನ್ನ ಮೇಲೆ ಸಿಮೆಂಟು ಗುಡ್ಡ ಏರಿತು. ಎದುರುಬದುರು ಗೋಡೆಗಳಲ್ಲಿ ಒಂದೊಂದು ಸಿಮೆಂಟ್ ಜಾಲಿ, ಒಂದು ಜಾಲಿಗೆ ಅಂಗೈ ಅಗಲದ ಹನ್ನೆರಡು ಕಂಡಿ. ಮುಚ್ಚಲು ಬಾಗಿಲಿಲ್ಲ, ಹಲಗೆಯಿಲ್ಲ. ಗಾಳಿ ಒಂದು ಕಡೆ ಒಳಬಂದು ಇನ್ನೊಂದು ಕಡೆ ಹೊರಹೋಗಬೇಕಂತೆ. ಸೇಲಂನ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತು ನಕ್ಷೆ ಬರೆದವರಿಗೆ ಗಾಳಿಯೆಂದರೆ ಸುಖ. ಇಲ್ಲಿ ಅದು ಕಾವೇರಿಯ ಕಣಿವೆಯಿಂದ ನೇರ ಮೇಲೇರಿ ಬರುತ್ತದೆ. ಮೊದಲ ವರ್ಷವೇ ಕಂಡಿಗಳಿಗೆ ಮಣ್ಣು ಮೆತ್ತಿದೆವು. ತಮ್ಮ ಓವರ್‌ಸಿಯರ್ ಬಂದು, ಮನೆಯೆಂದ ಮೇಲೆ ಗಾಳಿ ಬರಬೇಕು ಎಂದು ನಮಗೆ ಪಾಠ ಹೇಳಿದರು. ಹೇಳುವಾಗ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿದ್ದರು.

ಆಮೇಲೆ ನಿಯಮ ಬಂತು. ಸತತ ಮೂರು ವರ್ಷ ತಪಾಸಣೆಯಲ್ಲಿ ಪಾಸಾದರೆ ಮನೆಯ ಪಟ್ಟಾ ನಮ್ಮ ಹೆಸರಿಗೆ. ಕಂಡಿ ಮುಚ್ಚಿದ ಮನೆ ವಾಸಯೋಗ್ಯವಲ್ಲ. ಒಂದು ಮನೆ ತಪ್ಪಿದರೂ ಒಂಬತ್ತಕ್ಕೂ ಪಟ್ಟಾ ಇಲ್ಲ. ಸರಿ, ತಪಾಸಣೆ ಯಾವಾಗ? ಮಾರ್ಗಳಿಯಲ್ಲಿ! ವರ್ಷದ ಹನ್ನೆರಡು ತಿಂಗಳಲ್ಲಿ ತಮಗೆ ಬಿಡುವಾಗುವುದು ಅದೊಂದೇ ತಿಂಗಳೇ? ನಾವು ಐಪ್ಪಸಿಯಲ್ಲಿ ಮೆತ್ತುವುದು, ತಾವು ಮಾರ್ಗಳಿಯಲ್ಲಿ ತೆಗೆಸುವುದು. ಮೊದಲನೆಯ ತಪಾಸಣೆ ಹೀಗೆಯೇ ಕಳೆಯಿತು.

ಎರಡನೆಯದು ಕಳೆದ ವರ್ಷದ್ದು. ನೋಟೀಸು ನನ್ನ ಕೈಗೆ ಬಂತು. ಊರಲ್ಲಿ ಓದುಬಲ್ಲವನು ನಾನೇ ಆದ್ದರಿಂದ ಮನೆಮನೆಗೂ ಹೇಳುತ್ತ, ಉಳಿ ಸುತ್ತಿಗೆ ಹಿಡಿದು ನಾನೇ ಕಂಡಿಗಳನ್ನು ಬಿಡಿಸುತ್ತ ಹೋದೆ. ಪಕ್ಕದ ಮನೆಯ ಚಿನ್ನಕ್ಕನ ಸೊಸೆ ಸರಿತಾ ಹೆತ್ತು ಏಳು ದಿನವಾಗಿತ್ತು. ಹೆಣ್ಣುಮಗು. ಚಿನ್ನಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಬಾಣಂತಿ ಅವ್ಳೆ ಮಾದಪ್ಪಣ್ಣ. ಇದೊಂದ್ ಮನೆ ಬುಟ್ಬುಡು.”

“ಒಂದ್ ದಿನ ತಾನೆ ಚಿನ್ನಕ್ಕ. ಆಫೀಸರ್ ನೋಡ್ಕಂಡ್ ಓಗ್ಲಿ, ಸಾಯಂಕಾಲ ನಾನೇ ಮೆತ್ಕೊಡ್ತೀನಿ.”

ಅವಳು ಪಕ್ಕಕ್ಕೆ ಸರಿದಳು. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ. ತಾವು ಆ ದಿನ ಬರಲಿಲ್ಲ. ನಾಳೆ ಬರುತ್ತಾರೆಂದು ಕೆಳಗಿನಿಂದ ಸುದ್ದಿ ಬಂತು. ಮರುದಿನವೂ ಅದೇ ಸುದ್ದಿ, ಅದರ ಮರುದಿನವೂ ಅದೇ. ಮುಚ್ಚಿಬಿಡೋಣವೇ ಎಂದು ಚಿನ್ನಕ್ಕ ದಿನವೂ ಕೇಳಿದಳು. ಮುಚ್ಚಿದ ಗಳಿಗೆಗೇ ಬಂದುಬಿಟ್ಟರೆ ಎಂದು ನಾನು ದಿನವೂ ತಡೆದೆ. ಸೀರೆ ಕಟ್ಟಿ ನೋಡಿದರು, ಗಾಳಿ ಅದನ್ನು ಕಿತ್ತುಹಾಕಿತು. ನಾಲ್ಕನೆಯ ದಿನ ತಾವು ಬರಲಿಲ್ಲ, ತಮ್ಮ ಕಾಗದ ಬಂತು. ಮೊಹರು ಸಮೇತ. ‘ಮನೆಗಳನ್ನು ಖುದ್ದಾಗಿ ಪರಿಶೀಲಿಸಲಾಯಿತು. ಗಾಳಿ ಸಂಚಾರ ತೃಪ್ತಿಕರ.’

ಅಷ್ಟರಲ್ಲಿ ಮಗುವಿಗೆ ಪಕ್ಕೆ ಸೆಳೆಯುತ್ತಿತ್ತು. ಕಂಬಳಿಯಲ್ಲಿ ಸುತ್ತಿಕೊಂಡು ಕೊಳತ್ತೂರಿನ ಆಸ್ಪತ್ರೆಗೆಂದು ಗುಡ್ಡ ಇಳಿದೆವು. ಅರ್ಧ ದಾರಿಯಲ್ಲೇ ಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ.

ತಾವು ಕೊಂದಿರೆಂದು ನಾನು ಬರೆಯುತ್ತಿಲ್ಲ. ಬರಲೇ ಇಲ್ಲದವರು ಕೊಲ್ಲುವುದು ಹೇಗೆ? ಉಳಿ ಹಿಡಿದದ್ದು ನನ್ನ ಕೈ, ತಡೆದದ್ದು ನನ್ನ ಬಾಯಿ. ತಮ್ಮ ಒಂದು ಕಾಗದಕ್ಕೆ ಹೆದರಿ ನಾನು ಮಾಡಿದ ಕೆಲಸ ಅದು. ವರ್ಷವಾಯಿತು, ನಿನ್ನಿಂದಲೇ ಆಯಿತು ಎಂದು ಚಿನ್ನಕ್ಕ ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ 1997ರ ಕಾರ್ತಿಗೆ, ಮಾರ್ಗಳಿಗೆ ಹಿಂದಿನ ತಿಂಗಳು. ಮೂರನೆಯ ನೋಟೀಸು ಬಂದಿದೆ, ಮಾರ್ಗಳಿ ಮೂರಕ್ಕೆ ತಪಾಸಣೆ. ನನ್ನ ಮಗಳು ಮುನಿಲಕ್ಷ್ಮಿಗೂ ಅದೇ ತಿಂಗಳಲ್ಲಿ ದಿನ ತುಂಬುತ್ತದೆ. ನಲ್ಲಂಪಳ್ಳಿ ಕಡೆಗೆ ಕೊಟ್ಟ ಹುಡುಗಿ, ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಈ ವರ್ಷದ ಮೊದಲ ಮನೆ ನಮ್ಮದು. ನನ್ನ ಹೆಂಡತಿ ಮಂಜುಳಮ್ಮ ಐಪ್ಪಸಿಯಲ್ಲೇ ಮಣ್ಣು ಕೊಳೆಹಾಕಿ ಇಪ್ಪತ್ತನಾಲ್ಕು ಕಂಡಿಗಳಿಗೂ ಮೆತ್ತಿ, ಮೇಲೆ ಸುಣ್ಣ ಬಳಿದು, ಮೂಲೆಯಲ್ಲಿ ಬಾಣಂತಿಯ ಮಂಚ ಹಾಕಿಟ್ಟಿದ್ದಾಳೆ.

ಮಾನ್ಯರೇ, ಒಂದೇ ಒಂದು ಸಾಲು ಬರೆದುಕೊಡಿ: ಶಿವರಾತ್ರಿಯವರೆಗೆ ಕಂಡಿ ಮುಚ್ಚಿದ್ದರೆ ತಪ್ಪಿಲ್ಲ ಎಂದು. ಅದಾಗದಿದ್ದರೆ, ಹೇಳಿದ ದಿನಕ್ಕೆ ಖುದ್ದು ಬನ್ನಿ. ಕಂಡಿ ತೆರೆದ ಮನೆಯಲ್ಲಿ ಅಂಗಿ ಬಿಚ್ಚಿ ಒಂದು ಗಂಟೆ ಕೂತು, ಆಮೇಲೆ ತೃಪ್ತಿಕರವೆಂದು ಬರೆಯಿರಿ.

ಎರಡೂ ಆಗದೆಂದು ಗೊತ್ತು. ಉಳಿದ ಎಂಟು ಮನೆಯವರ ಪಟ್ಟಾ ನನ್ನಿಂದ ತಪ್ಪಬಾರದು. ಆದ್ದರಿಂದ ಇವತ್ತು ಎರಡು ಪತ್ರ ಬರೆದಿದ್ದೇನೆ. ಒಂದು ಇದು. ಇನ್ನೊಂದು ನಲ್ಲಂಪಳ್ಳಿಗೆ, ಮಗಳನ್ನು ಕಳಿಸಬೇಡಿ ಎಂದು. ತವರಿದ್ದೂ ಅವಳು ಅತ್ತೆಮನೆಯಲ್ಲಿ ಹೆರಬೇಕು. ಅದನ್ನು ಓದಿ ಹೇಳಿದಾಗ ಮಂಜುಳಮ್ಮ ಅಳಲಿಲ್ಲ. “ಒಂದ್ ಸಲ ಬ್ಯಾಡ ಅನ್ನಕ್ಕೆ ನಿಂಗೆ ಬಾಯಿ ಇಲ್ವಾ?” ಎಂದು ಕೇಳಿ ಒಳಗೆ ಹೋದಳು. ಮಾರ್ಗಳಿ ಎರಡರಂದು ಉಳಿ ಹಿಡಿದು ನನ್ನ ಮನೆಯಿಂದಲೇ ಶುರುಮಾಡುತ್ತೇನೆ.

ಚಿನ್ನಕ್ಕನ ಮನೆಗೆ ಮಾತ್ರ ಈ ಸಲ ಹೋಗಬೇಕಾಗಿಲ್ಲ. ಕಳೆದ ವರ್ಷ ನಾನು ಬಿಡಿಸಿದ ಕಂಡಿಗಳನ್ನು ಅವಳು ಮತ್ತೆ ಮುಚ್ಚಲೇ ಇಲ್ಲ. ಮೆತ್ತಿಕೊಡಲೇ ಎಂದು ಕೇಳಿದ್ದೆ. ಯಾರಿಗೋಸ್ಕರ ಎಂದಳು. ತಮ್ಮ ಕಾಗದದಲ್ಲಿ ಒಂಬತ್ತರಲ್ಲಿ ಅವಳದ್ದು ಮಾದರಿ ಮನೆ ಎಂದು ನಮೂದಾಗಿದೆ.

ಇಂತಿ,
ತಮ್ಮ ಗಾಳಿಗೆ ತನ್ನ ಕೈಯಾರೆ ದಾರಿ ಬಿಟ್ಟುಕೊಟ್ಟ
ಮಾದಪ್ಪ, ಪಾಲಮಲೆ