ಹೊರೆಗಲ್ಲಿನ ಎತ್ತರ

ಏರುನಡಿಗೆಯ ಇನ್ನೂರ ಹನ್ನೊಂದನೆಯ ವರ್ಷ, ಮಾಗಿ ತಿಂಗಳ ನಲವತ್ತಮೂರನೆಯ ದಿನ.

ಇನ್ನೂ ಘಟ್ಟ ಹತ್ತದ ನನ್ನ ಹಿರಿಯರಿಗೆ ಪದುಮೆಯ ನಮಸ್ಕಾರ. ನಮ್ಮ ತಿಂಗಳು ಇಷ್ಟುದ್ದ ಬೆಳೆದದ್ದು ಹೇಗೆಂದು ಕೇಳಬೇಡಿ. ಮಳೆಗಾಲ ಹಿಗ್ಗಿದಂತೆ ಪಂಚಾಂಗವನ್ನೂ ಎಳೆದಿದ್ದೇವೆ. ನನ್ನ ಮಾತು ಒರಟೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಡಲು ಮನೆಯೊಳಗೆ ಬಂದಾಗ ನೀವು ಕರಾವಳಿ ಬಿಟ್ಟು ನಡೆದೇ ಘಟ್ಟ ಹತ್ತುತ್ತೀರಿ. ಅದನ್ನೇ ನಾವು ಏರುನಡಿಗೆ ಎನ್ನುತ್ತೇವೆ.

ಆ ನೆನಪಿಗೆ ವರ್ಷಕ್ಕೊಂದು ರಜೆ. ಊರಿಗೆ ಊರೇ ಬಿಸಿಲುಬಂಡಿಯಲ್ಲಿ ಹಳೆಯ ದಾರಿಯ ಬುಡಕ್ಕೆ ಹೋಗುತ್ತದೆ. ಮೋಡ ಬಂದರೆ ಈ ಬಂಡಿ ನಿಲ್ಲುತ್ತದೆ. ಮೋಡ ಸರಿಯುವವರೆಗೆ ಎಲ್ಲರೂ ಇಳಿದು ಹರಟುತ್ತಾರೆ. ಈ ಸಲ ನಾನು ಬಂಡಿಯಲ್ಲೇ ಕುಳಿತಿದ್ದೆ. ನನ್ನ ಒಡಹುಟ್ಟಿದ ರುಕ್ಮಕ್ಕ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ನನಗಿದ್ದವಳು ಅವಳೊಬ್ಬಳೇ.

ಬುಡದಿಂದ ಪ್ರತಿ ಮನೆಯವರೂ ತಮ್ಮ ಹಿರಿಯರ ಹೊರೆ ಹೊತ್ತು ಹತ್ತಬೇಕು. ನಮ್ಮ ಹೊರೆಯಲ್ಲಿ ಹರಿದ ಬಲೆ, ಉಪ್ಪಿನ ಮಡಕೆ, ಜೊತೆಗೊಂದು ಅರೆಯುವ ಗುಂಡುಕಲ್ಲು. ಕಡಲು ಬೆನ್ನಟ್ಟಿ ಬರುವಾಗ ಗುಂಡುಕಲ್ಲು ಹೊರುವ ಆ ಪುಣ್ಯಾತ್ಗಿತ್ತಿ ನಿಮ್ಮಲ್ಲಿ ಯಾರೋ, ಚಟ್ನಿಯ ಮೇಲೆ ಅದೆಂಥ ಮೋಹವೋ. ದಾರಿಯ ನಡುವೆ ನೀವು ನಿಲ್ಲಿಸಲಿರುವ ಹೊರೆಗಲ್ಲು ಸಿಗುತ್ತದೆ: ಎರಡು ಕಂಬಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಈಗ ಅದಕ್ಕೆ ಹೂವಿನ ಬೇಲಿ ಹಾಕಿ ಕೈಮುಗಿಯುತ್ತಾರೆ, ಮುಟ್ಟುವುದಿಲ್ಲ. ಹೊರೆಯನ್ನು ನೆಲಕ್ಕಿಳಿಸಿ ಬುತ್ತಿ ಉಣ್ಣುತ್ತಾರೆ. ಆಮೇಲೆ ಮನೆಯವರೇ ಅದನ್ನು ತಲೆಗೆ ಎತ್ತಿಕೊಡಬೇಕು, ಪರರ ಕೈ ಆಗದು. ಸಂಜೆಯೊಳಗೆ ಹೊರೆ ಘಟ್ಟದ ನೆತ್ತಿ ಸೇರದಿದ್ದರೆ ಅದು 'ಇಳಿದ ಮನೆ'. ಮುಂದೆ ಯಾವ ಹಬ್ಬದಲ್ಲೂ ಆ ಮನೆಯ ಹೆಸರು ಕರೆಯುವುದಿಲ್ಲ.

ಬುಡದಲ್ಲಿ ಬಂಡಿಯ ಅಂಚಿನಿಂದ ಹೊರೆಯನ್ನು ನಾನೇ ತಲೆಗೆ ಎಳೆದುಕೊಂಡಿದ್ದೆ, ಇಲ್ಲಿ ಬಂಡಿಯಿಲ್ಲ. ಹಾಗಾಗಿ ನಾನು ಇಳಿಸಲೇ ಇಲ್ಲ. ಎಲ್ಲರೂ ಉಣ್ಣುತ್ತಿದ್ದಾಗ ಹೊರೆ ಹೊತ್ತೇ ನಿಂತಿದ್ದೆ. ಪಕ್ಕದ ಮನೆಯಾಕೆ ಮೊಸರನ್ನದ ಕೈಯಲ್ಲೇ ಕೇಳಿದಳು:

"ನಿಮ್ಮೋರು ಯಾರೂ ಬರ್ಲಿಲ್ವಾ ತಾಯಿ?"

ಅವಳು ಕನಿಕರದಿಂದಲೇ ಕೇಳಿದ್ದು. ಆದರೂ ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು. ಕುತ್ತಿಗೆ ನಡುಗತೊಡಗಿತು. ಹೊರೆ ನೆಲಕ್ಕೆ ಬಿದ್ದರೆ ಎತ್ತುವವರಿಲ್ಲ, ಅಕ್ಕನ ಹೆಸರೂ ನನ್ನದೂ ಅಲ್ಲಿಗೇ ಮುಗಿಯಿತು. ಬೇರೆ ದಾರಿ ಕಾಣದೆ ಹೂವಿನ ಬೇಲಿ ದಾಟಿದೆ. ಹಿರಿಯರೊಬ್ಬರು ಅದು ಪೂಜೆಯ ಕಲ್ಲೆಂದು ಗದರಿದರು. ಚಪ್ಪಡಿ ನನ್ನ ಭುಜದ ಸಮಕ್ಕಿತ್ತು. ಮೊಣಕಾಲು ತುಸು ಬಗ್ಗಿಸಿ ಹೊರೆಯನ್ನು ಜಾರಿಸಿದೆ. ಕಲ್ಲು ಅದನ್ನು ಹಿಡಿದುಕೊಂಡಿತು. ಕಂಬಕ್ಕೊರಗಿ ನೀರು ಕುಡಿದೆ, ಮನಸಾರೆ ಅತ್ತೆ. ಆಮೇಲೆ ಮತ್ತೆ ಬಗ್ಗಿ ತಲೆಯೊಡ್ಡಿ ಎಳೆದುಕೊಂಡರೆ ಹೊರೆ ತಾನಾಗಿ ತಲೆಯ ಮೇಲೆ ಬಂತು. ಯಾರ ಕೈಯೂ ಬೇಕಾಗಲಿಲ್ಲ. ಗದರಿದವರು ದಾರಿ ಬಿಟ್ಟರು, ಸಂಜೆಗೆ ಮೊದಲೇ ನಾನು ಘಟ್ಟದ ನೆತ್ತಿ ಸೇರಿದೆ.

ಗುಂಪಾಗಿ ನಡೆಯುವವರಿಗೆ ಅಷ್ಟೆತ್ತರದ ಕಲ್ಲು ಬೇಕಿಲ್ಲ, ಒಬ್ಬರಿಗೊಬ್ಬರು ಎತ್ತಿಕೊಟ್ಟರೆ ಸಾಕು. ನಿಮ್ಮ ಹಿಂದೆ ಯಾರೋ ಒಂಟಿಯಾಗಿ ಬರುತ್ತಾರೆಂದು ತಿಳಿದೇ ನೀವದನ್ನು ನಿಲ್ಲಿಸುತ್ತೀರಿ. ನಿಮಗೂ ಅಂದು ದಣಿವಾಗಿರುತ್ತದೆ. ಇಷ್ಟು ಕಷ್ಟವೇಕೆ, ತಗ್ಗಿನಲ್ಲೇ ಇಟ್ಟರಾಯಿತು ಎಂದು ಜೊತೆಯವರು ಹೇಳಿಯಾರು. ದಯವಿಟ್ಟು ಕೇಳಬೇಡಿ, ಅದೇ ಎತ್ತರಕ್ಕೆ ನಿಲ್ಲಿಸಿ. ಆ ದಿನ ನನಗೆ ಬೇರೆ ಯಾರೂ ಇರುವುದಿಲ್ಲ.