ಜಾರುಬಂಡೆಯ ಕೊನೆಯ ಎರಡಡಿ

ಗುರುವಾರ, ಮಧ್ಯಾಹ್ನ

ಮುದ್ದಿನ ಅಕ್ಕನಿಗೆ,

ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಶುರುವಿನಲ್ಲೇ ಬೈಯಬೇಡ, ಆತುರದಲ್ಲಿ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ನಕ್ಕು ಮಾತು ತೇಲಿಸಿಬಿಡುತ್ತೀಯ. ನಿನ್ನ ಹೆಡ್‌ಮೇಡಂ ಅಂತೂ ಕಾಗದ ಕಾಣದೆ ಏನನ್ನೂ ನಂಬುವವರಲ್ಲ. ಕೊರಿಯರ್ ನಾಳೆ ತಲುಪುತ್ತದೆ.

ಸೋಮವಾರ ಹೊಸ ಪಾರ್ಕಿನ ಜಾರುಬಂಡೆಯಲ್ಲಿ ಮೊದಲು ಜಾರುವವರು ನಿನ್ನ ಎರಡನೇ ತರಗತಿಯ ಮಕ್ಕಳು. ದಯವಿಟ್ಟು ಅವರನ್ನು ಕರೆತರಬೇಡ. ಅದು ತಂಗಿ ಮಾಡಿದ್ದು ಎಂದು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೀಯ, ಗೊತ್ತು. ಮಾಡಿದ್ದು ನಾನೇ, ತೊಂದರೆಯಿರುವುದೂ ಅಲ್ಲೇ.

ನಾನು ಹೈಸ್ಕೂಲಿನಲ್ಲಿದ್ದಾಗ ನೀನು ಬಹುಪದೋಕ್ತಿ ಹೇಳಿಕೊಡುವಾಗ, ಇದರಿಂದ ಯಾರ ಹೊಟ್ಟೆ ತುಂಬುತ್ತೆ ಎಂದು ಕೇಳಿದ್ದೆನಲ್ಲ? ಈಗ ನನ್ನ ಹೊಟ್ಟೆ ತುಂಬಿಸುತ್ತಿರುವುದು ಅದೇ. ಜಾರುಬಂಡೆಯ ಬಾಗು ಎಂದರೆ ಎಕ್ಸ್ ಘನ, ಎಕ್ಸ್ ವರ್ಗ ಸೇರಿದ ಒಂದು ಸಾಲು ಲೆಕ್ಕ. ಮೇಲೆ ಸಮ, ನಡುವೆ ಇಳಿಜಾರು, ಕೊನೆಗೆ ಮತ್ತೆ ನೆಲಕ್ಕೆ ಸಮ. ಆ ಕೊನೆಯ ಭಾಗದಲ್ಲೇ ಮಗುವಿನ ವೇಗ ಇಳಿಯುವುದು. ಎರಡು ವಾರ ಅಳೆದು ಸುರಿದು ನಕ್ಷೆಗೆ ಸಹಿ ಹಾಕಿದ್ದೆ.

ಕೂರಿಸುವಾಗ ಕಾಂಪೌಂಡ್ ಗೋಡೆ ಅಡ್ಡ ಬಂತು. ಉದ್ದ ಬದಲಾದರೆ ಲೆಕ್ಕವನ್ನು ಮೊದಲಿಂದ ಹಾಕಬೇಕು, ಇಡೀ ಬಾಗು ಬದಲಾಗಬೇಕು. ನಮ್ಮ ಕಾರ್ಖಾನೆಯ ಯಜಮಾನರು ತುದಿಯಿಂದ ಎರಡಡಿ ಕೊಯ್ಯಿಸಿ ಬಣ್ಣ ಬಳಿಸಿಬಿಟ್ಟರು. "ಎರಡಡಿ ತಾನೇ, ಟೇಪ್ ಹಿಡ್ಕೊಂಡು ಯಾರಮ್ಮ ಬರ್ತಾರೆ?" ಎಂದರು. ಈಗ ಅದು ನೆಲಕ್ಕೆ ಮೂತಿ ಮಾಡಿಕೊಂಡು ನಿಂತಿದೆ. ನಕ್ಷೆಯ ಮೇಲೆ ನನ್ನ ಸಹಿ ಹಾಗೇ ಇದೆ.

ನಿನ್ನೆ ಪಾರ್ಕಿನ ಕಚೇರಿಗೆ ಹೋಗಿ ಸಹಿ ಹಿಂತೆಗೆದುಕೊಳ್ಳುತ್ತೇನೆಂದು ಅರ್ಜಿ ಕೊಟ್ಟೆ. ಗುಮಾಸ್ತರು ಎರಡೂ ಕಾಗದ ಅಕ್ಕಪಕ್ಕ ಇಟ್ಟು ನೋಡಿ, "ಸಹಿ ತಾಳೆ ಆಗ್ತಿಲ್ಲ ಮೇಡಂ" ಎಂದು ಅರ್ಜಿಯನ್ನು ನನ್ನ ಕಡೆಗೇ ತಳ್ಳಿದರು. ಗುರುತಿನ ಚೀಟಿ ತೋರಿಸಿದೆ. ಅದರಲ್ಲೂ ಹಳೆಯ ಸಹಿಯೇ! ಮೇಲಿನ ಅಧಿಕಾರಿ ಬರುವುದು ಸೋಮವಾರ, ರಿಬ್ಬನ್ ಕತ್ತರಿಸುವುದಕ್ಕೆ.

ಇಲ್ಲಿ ನನ್ನ ಮೇಜು ಫೈಬರ್ ಹಾಳೆಗಳ ರಾಶಿಗೂ ಗೋಡೆಗೂ ನಡುವೆ ಇದೆ. ಹೊರಹೋಗುವ ದಾರಿಯಲ್ಲೇ ಯಜಮಾನರು ಕುರ್ಚಿ ಹಾಕಿಕೊಂಡಿದ್ದಾರೆ. ಬೈಯುವುದಿಲ್ಲ, ಟೀ ತರಿಸಿಕೊಡುತ್ತಾರೆ. ಕೆಲಸ ಬಿಡೋಣವೆಂದರೆ ನಾನು ಬಿಟ್ಟರೂ ಸಹಿ ನನ್ನನ್ನು ಬಿಡುವುದಿಲ್ಲ. ಅಕ್ಕ, ತುಂಬಾ ಹೆದರಿಕೆಯಾಗುತ್ತಿದೆ.

ನಿನ್ನ ಮೊಂಡು ತಂಗಿ

ತಾ.ಕ.: ಆತುರ ಎಂದದ್ದು ಸುಳ್ಳು. ಮಂಗಳವಾರ ನಾನೇ ಜಾರಿ ನೋಡಿದೆ. ಕೈ ಊರಿದ್ದರಿಂದ ಬೆನ್ನು ಉಳಿಯಿತು, ಬಲಗೈ ಮಣಿಕಟ್ಟು ಮುರಿಯಿತು. ಮಕ್ಕಳಿಗೆ ಕೈ ಊರಲೂ ಹೊಳೆಯುವುದಿಲ್ಲ. ಗುಮಾಸ್ತರು ಬ್ಯಾಂಡೇಜ್ ನೋಡಿಯೂ, ಕೈ ವಾಸಿಯಾದ ಮೇಲೆ ಬಂದು ಸಹಿ ಹಾಕಿ ಎಂದರು. ಇದು ಎಡಗೈ ಬರಹ. ಚಿಕ್ಕವಳಿದ್ದಾಗ ಸ್ಕೇಲಿನಿಂದ ಹೊಡೆದು ಬರೆಯುವುದನ್ನು ಬಿಡಿಸಿದೆಯಲ್ಲ, ಅದೇ ಕೈ. ಇದು ನನ್ನ ಅಕ್ಷರವೇ ಎಂದು ಹೇಳಬಲ್ಲವಳು ಈಗ ನೀನೊಬ್ಬಳೇ. ಹೆಡ್‌ಮೇಡಂಗೆ ಹೇಳು.